ಚಿಕ್ಕ ಕಾಲೇಜು, ದೊಡ್ಡ ಡಿವಿಷನ್: ಐಸ್ ಹಾಕಿಯ ಒಂದು ಲೆಕ್ಕ

ಮಕ್ಕಳೇ, ಕಳೆದ ಚಳಿಗಾಲದಲ್ಲಿ ಒಂದು ಶನಿವಾರ ಕನ್ನಡ ತರಗತಿ ಮುಗಿಸಿ, ಮಗಳನ್ನು ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನ ಐಸ್ ಹಾಕಿ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಊರಿಂದ ಫೋನ್ ಮಾಡಿದ ಅಮ್ಮ, "ಹಾಕಿ ಅಂದ್ರೆ ನಮ್ಮ ಕೊಡಗಿನವರು ಆಡ್ತಾರಲ್ಲ, ಅದೇನಾ?" ಅಂದರು. "ಅಲ್ಲಮ್ಮ, ಇದು ಮಂಜುಗಡ್ಡೆ ಮೇಲೆ. ಚೆಂಡಿನ ಬದಲು ರಬ್ಬರ್ ಬಿಲ್ಲೆ ಇರುತ್ತೆ, ಅದಕ್ಕೆ ಪಕ್ ಅಂತಾರೆ" ಅಂದೆ.

ವಾಪಸ್ ಬರುವಾಗ ಕಾರಿನಲ್ಲಿ, ಈ ಕಾಲೇಜು 2014ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು ಎಂದು ಮಗಳಿಗೆ ಹೇಳಿದೆ. ಆಗ ಅಲ್ಲಿದ್ದವರು ಸುಮಾರು 2,200 ವಿದ್ಯಾರ್ಥಿಗಳು. "ಅಪ್ಪಾ, ಕೆಲವು ಹೈಸ್ಕೂಲಲ್ಲೇ ಅಷ್ಟು ಜನ ಇರ್ತಾರೆ! ಇವರು ಹೇಗೆ ಇಡೀ ದೇಶಕ್ಕೆ ಫಸ್ಟ್ ಬಂದ್ರು?" ಅಂದಳು. ಕಾರಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿದೆ.

2014ರ ಏಪ್ರಿಲ್ 12ರಂದು ಫಿಲಡೆಲ್ಫಿಯಾದಲ್ಲಿ ಫೈನಲ್ ನಡೆಯಿತು. ಎದುರಾಳಿ ಮಿನೆಸೋಟ ವಿಶ್ವವಿದ್ಯಾಲಯ. ಅಲ್ಲಿ 50 ಸಾವಿರದಷ್ಟು ವಿದ್ಯಾರ್ಥಿಗಳಿದ್ದರು, ಅಷ್ಟರೊಳಗೆ ಐದು ಸಲ ಚಾಂಪಿಯನ್ ಆಗಿದ್ದರು. ಯೂನಿಯನ್ 7-4ರಿಂದ ಗೆದ್ದಿತು. ಆಗ ಯೂನಿಯನ್ ಆಟಗಾರರಿಗೆ ಆಟದ ಹೆಸರಿನಲ್ಲಿ ಒಂದು ಡಾಲರ್ ಸ್ಕಾಲರ್‌ಶಿಪ್ಪನ್ನೂ ಕೊಡುತ್ತಿರಲಿಲ್ಲ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿದೆ. ಯೂನಿಯನ್ ಉಳಿದ ಆಟಗಳಲ್ಲೆಲ್ಲ ಮೂರನೇ ಡಿವಿಷನ್, ಹಾಕಿಯಲ್ಲಿ ಮಾತ್ರ 1991ರಿಂದ ಒಂದನೇ ಡಿವಿಷನ್. ಎಲ್ಲಾ ವಿಷಯಕ್ಕೂ ಐದನೇ ತರಗತಿಯಲ್ಲಿ ಕೂತು, ಗಣಿತಕ್ಕೆ ಮಾತ್ರ ಹತ್ತನೇ ತರಗತಿಗೆ ಹೋದ ಹಾಗೆ! ನಮ್ಮ ಪಕ್ಕದ ಟ್ರಾಯ್‌ನ ಆರ್‌ಪಿಐ, ಉತ್ತರದ ಕ್ಲಾರ್ಕ್‌ಸನ್ ಮತ್ತು ಸೇಂಟ್ ಲಾರೆನ್ಸ್, ದೂರದ ಕೊಲರಾಡೊ ಕಾಲೇಜು, ಇವೆಲ್ಲ ಹೀಗೆಯೇ. ಮಿಶಿಗನ್‌ನ ಲೇಕ್ ಸುಪೀರಿಯರ್ ಸ್ಟೇಟ್ ಉಳಿದ ಆಟಗಳಿಗೆ ಎರಡನೇ ಡಿವಿಷನ್‌ನಲ್ಲಿದೆ. ಹಾಕಿಯಲ್ಲಿ ಅದು 1988, 1992, 1994ರಲ್ಲಿ ಚಾಂಪಿಯನ್!

ಇದು ಹಾಕಿಯಲ್ಲೇ ಏಕೆ ಸಾಧ್ಯ? ಬ್ಯಾಸ್ಕೆಟ್‌ಬಾಲ್‌ನ ಒಂದನೇ ಡಿವಿಷನ್‌ನಲ್ಲಿ 350ಕ್ಕೂ ಹೆಚ್ಚು ತಂಡಗಳಿವೆ. ಪುರುಷರ ಹಾಕಿಯಲ್ಲಿ ಇರುವುದು 60ರ ಆಸುಪಾಸು. ಫುಟ್‌ಬಾಲ್ ತಂಡಕ್ಕೆ ನೂರು ಹುಡುಗರು ಬೇಕಾದರೆ, ಹಾಕಿಗೆ 25-30 ಜನ ಸಾಕು. ಮಂಜಿನ ಮೇಲೆ ಒಮ್ಮೆಗೆ ಇಳಿಯುವುದು ಗೋಲಿಯೂ ಸೇರಿ ಆರೇ ಜನ. ಆ ಗೋಲಿ ಒಳ್ಳೆಯವನಾದರೆ ಅರ್ಧ ಕೆಲಸ ಆದಂತೆ. ನನಗೆ ತುಂಬಾ ಕುತೂಹಲ ಅನಿಸಿದ್ದು ವಯಸ್ಸಿನ ವಿಷಯ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಸೇರುವ 18 ವರ್ಷದ ಪ್ರತಿಭಾವಂತರಲ್ಲಿ ಕೆಲವರು ಒಂದೆರಡು ವರ್ಷಕ್ಕೇ ವೃತ್ತಿಪರ ಲೀಗ್‌ಗೆ ಹೊರಟುಬಿಡುತ್ತಾರೆ. ಚಿಕ್ಕ ಕಾಲೇಜಿಗೆ ಬರುವವರಲ್ಲಿ ಅನೇಕರು ಹೈಸ್ಕೂಲಿನ ನಂತರ ಜೂನಿಯರ್ ಲೀಗ್‌ಗಳಲ್ಲಿ ಆಡಿ, 20-21 ವರ್ಷಕ್ಕೆ ಸೇರುತ್ತಾರೆ, ನಾಲ್ಕು ವರ್ಷ ಒಟ್ಟಿಗೇ ಇರುತ್ತಾರೆ. 24 ವರ್ಷದವನನ್ನು 18ರ ಹುಡುಗ ಸುಲಭವಾಗಿ ತಳ್ಳಲು ಆಗುವುದಿಲ್ಲ.

ಇನ್ನು ಲೆಕ್ಕ. (ಪೋಷಕರೇ, ನಾನು ಸಾಫ್ಟ್‌ವೇರ್‌ನವನು, ಲೆಕ್ಕ ಇಲ್ಲದೆ ಬರೆಯಲು ಬರುವುದಿಲ್ಲ!) ಕೊನೆಯ ಸುತ್ತಿಗೆ 16 ತಂಡಗಳು. ಸತತ ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್, ಒಂದು ಸೋತರೆ ಮನೆಗೆ. ಪ್ರತಿ ಪಂದ್ಯದಲ್ಲೂ ನಿಮ್ಮ ತಂಡ ಗೆಲ್ಲುವ ಸಾಧ್ಯತೆ 100ಕ್ಕೆ 40 ಅಂದುಕೊಳ್ಳಿ. 0.4ನ್ನು ನಾಲ್ಕು ಸಲ ಗುಣಿಸಿದರೆ 0.0256, ಅಂದರೆ ಸುಮಾರು 39 ಸಲದಲ್ಲಿ ಒಮ್ಮೆ. ವೃತ್ತಿಪರ ಲೀಗ್‌ನ ಹಾಗೆ ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ ಇದ್ದಿದ್ದರೆ? ಒಂದು ಸರಣಿ ಗೆಲ್ಲುವ ಸಾಧ್ಯತೆ 29ಕ್ಕೆ ಇಳಿಯುತ್ತದೆ. ನಾಲ್ಕು ಸರಣಿ ಗೆಲ್ಲುವುದು ಸುಮಾರು 140 ಸಲದಲ್ಲಿ ಒಮ್ಮೆ. ಪಂದ್ಯ ಕಡಿಮೆ ಇದ್ದಷ್ಟೂ ಚಿಕ್ಕವರಿಗೆ ಅವಕಾಶ ಹೆಚ್ಚು. ಹಾಗಂತ 2014ರ ಯೂನಿಯನ್ ಬರೀ ಅದೃಷ್ಟದಿಂದ ಗೆದ್ದ ತಂಡವಲ್ಲ. 2012ರಲ್ಲೇ ಅವರು ಕೊನೆಯ ನಾಲ್ಕರ ಘಟ್ಟ ತಲುಪಿದ್ದರು.

ಈ ವ್ಯವಸ್ಥೆ 2004ರಲ್ಲಿ ಬಹುತೇಕ ಮುರಿದುಬೀಳುವುದರಲ್ಲಿತ್ತು. ಮೂರನೇ ಡಿವಿಷನ್‌ನಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಆದರೆ ಒಂದೊಂದು ಆಟದಲ್ಲಿ ಮೇಲಿನ ಡಿವಿಷನ್‌ಗೆ ಹೋಗಿದ್ದ ಎಂಟು ಕಾಲೇಜುಗಳಿಗೆ ಹಳೆಯ ವಿನಾಯಿತಿ ಇತ್ತು. ಹಾಕಿಯಲ್ಲಿ ಅವು ಕ್ಲಾರ್ಕ್‌ಸನ್, ಸೇಂಟ್ ಲಾರೆನ್ಸ್, ಆರ್‌ಪಿಐ, ಕೊಲರಾಡೊ ಕಾಲೇಜು. ಅದನ್ನು ತೆಗೆಯಬೇಕೆಂಬ ಪ್ರಸ್ತಾಪ ಬಂತು. "ಎಲ್ಲರಿಗೂ ಒಂದೇ ನಿಯಮ ಇರಲಿ" ಎಂಬ ವಾದ ತಪ್ಪು ಅಂತ ನಾನೂ ಹೇಳಲಾರೆ. ಆದರೆ ಕ್ಲಾರ್ಕ್‌ಸನ್ ಇರುವ ಪಾಟ್ಸ್‌ಡ್ಯಾಮ್, ಸೇಂಟ್ ಲಾರೆನ್ಸ್ ಇರುವ ಕ್ಯಾಂಟನ್ ನೋಡಿ. ಕೆನಡಾ ಗಡಿಯ ಹತ್ತಿರದ ಪುಟ್ಟ ಊರುಗಳು, ನಡುವೆ ಹತ್ತು-ಹನ್ನೆರಡು ಮೈಲಿ ಅಷ್ಟೇ. ಅಲ್ಲಿ ಚಳಿಗಾಲದ ಸಂಜೆ ಊರೆಲ್ಲ ಸೇರುವ ಜಾಗವೇ ಹಾಕಿ ರಿಂಕ್. ಮತದಾನದಲ್ಲಿ ಆ ಎಂಟು ಕಾಲೇಜುಗಳ ವಿನಾಯಿತಿ ಉಳಿಯಿತು.

ಮಕ್ಕಳಿಗೆ ಮನೆಗೆಲಸ: ಎರಡೂ ತಂಡ ಸರಿಸಮ, ಅಂದರೆ ಗೆಲ್ಲುವ ಸಾಧ್ಯತೆ 100ಕ್ಕೆ 50 ಆದರೆ, ಪ್ರತಿ ಸುತ್ತಿಗೆ ಒಂದೇ ಪಂದ್ಯವಿದ್ದರೂ, ಏಳು ಪಂದ್ಯಗಳ ಸರಣಿ ಇದ್ದರೂ ಚಾಂಪಿಯನ್ ಆಗುವ ಸಾಧ್ಯತೆ ಒಂದೇ, 16ರಲ್ಲಿ ಒಂದು. ಯಾಕೆ? ಕನ್ನಡದಲ್ಲೇ ಬರೆದು ಮುಂದಿನ ತರಗತಿಗೆ ತನ್ನಿ.