ಗೀತಕಾರ ಹ್ಯಾಂಡಿ

ಹೊಲದಲ್ಲಿ ದುಡಿಯುತ್ತ, ನದಿಯ ಕಟ್ಟೆಯ ಮೇಲೆ ಮೂಟೆ ಹೊರುತ್ತ ಜನರು ಹಾಡಿಕೊಳ್ಳುವ ಹಾಡಿಗೆ ಒಡೆಯರು ಯಾರು? ಮೊದಲು ಹಾಡಿದವರೆ, ಬರೆದಿಟ್ಟವರೆ, ಅಥವಾ ಅಚ್ಚುಹಾಕಿಸಿ ಮಾರಿದವರೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕದಲ್ಲಿ ಜಾಝ್ ಸಂಗೀತವು ಕಣ್ದೆರೆಯುತ್ತಿದ್ದ ಕಾಲದಲ್ಲಿ, ಈ ಪ್ರಶ್ನೆಯು ಒಬ್ಬ ಗೀತಕಾರನ ಬಾಳಿನುದ್ದಕ್ಕೂ ಬೆನ್ನುಹತ್ತಿತು. ಅವನೇ ವಿಲಿಯಂ ಕ್ರಿಸ್ಟೋಫರ್ ಹ್ಯಾಂಡಿ.

ಹ್ಯಾಂಡಿಯು 1873ರ ನವೆಂಬರ್ 16ರಂದು ಅಲಬಾಮ ಸಂಸ್ಥಾನದ ಫ್ಲಾರೆನ್ಸ್ ಎಂಬ ಊರಿನಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಚಿಕ್ಕ ಮನೆಯೊಂದರಲ್ಲಿ ಜನಿಸಿದನು. ಅಮೆರಿಕದಲ್ಲಿ ಗುಲಾಮಗಿರಿಯು ಕೊನೆಗೊಂಡು ಆಗ ಎಂಟು ವರ್ಷಗಳಷ್ಟೇ ಕಳೆದಿದ್ದವು. ಅವನ ತಂದೆತಾಯಿಗಳು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರು. ತಂದೆ ಕ್ರೈಸ್ತ ಧರ್ಮೋಪದೇಶಕ. ವಾದ್ಯಗಳೆಂದರೆ ಸೈತಾನನ ಆಟಿಕೆಗಳೆಂದು ನಂಬಿದ್ದವನು. ಬಾಲಕನಾದ ಹ್ಯಾಂಡಿಯು ಕಾಡುಹಣ್ಣುಗಳನ್ನು ಆಯ್ದು ಮಾರಿ, ಕಾಸಿಗೆ ಕಾಸು ಕೂಡಿಸಿ ಒಂದು ಗಿಟಾರನ್ನು ಕೊಂಡು ತಂದನು. ತಂದೆಯು ಅದನ್ನು ಅಂಗಡಿಗೆ ಹಿಂದಿರುಗಿಸಿ, ಬದಲಿಗೆ ಒಂದು ನಿಘಂಟನ್ನು ತರುವಂತೆ ಆಜ್ಞಾಪಿಸಿದನು. ಹುಡುಗನು ನಿಘಂಟನ್ನು ತಂದನು. ಆದರೆ ಸಂಗೀತವನ್ನು ಬಿಡಲಿಲ್ಲ. ಶಾಲೆಯಲ್ಲಿ ಸ್ವರಾಭ್ಯಾಸ ಮಾಡಿದನು. ಕಾರ್ನೆಟ್ ಎಂಬ ಊದುವಾದ್ಯವನ್ನು ಮನೆಯವರಿಗೆ ತಿಳಿಯದಂತೆ ಕಲಿತನು.

ಯೌವನದಲ್ಲಿ ಅವನು ಉಪಾಧ್ಯಾಯನಾಗಬಹುದಾಗಿತ್ತು. ಆದರೆ ಆ ವೃತ್ತಿಯ ಸಂಬಳ ತೀರ ಕಡಿಮೆಯಾಗಿದ್ದುದರಿಂದ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದನು. ಬಳಿಕ ಗೆಳೆಯರೊಡನೆ ಹಾಡುತ್ತ ಊರೂರು ಅಲೆದನು. ಸೇಂಟ್ ಲೂಯಿ ನಗರವನ್ನು ತಲುಪುವ ವೇಳೆಗೆ ಕೈ ಬರಿದಾಗಿತ್ತು. ಮಿಸಿಸಿಪಿ ನದಿಯ ಕಟ್ಟೆಯ ಕಲ್ಲುಹಾಸಿನ ಮೇಲೆ, ಹಸಿದ ಹೊಟ್ಟೆಯಲ್ಲಿ ಅವನು ರಾತ್ರಿಗಳನ್ನು ಕಳೆಯಬೇಕಾಯಿತು. ಅಲ್ಲಿ ಕೇಳಿದ ಬಡವರ ಹಾಡುಗಳೂ, ಗಂಡನನ್ನು ನೆನೆದು ಬೀದಿಯಲ್ಲಿ ಗೋಳಾಡುತ್ತಿದ್ದ ಒಬ್ಬ ಹೆಂಗಸಿನ ದನಿಯೂ ಅವನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು.

1896ರಲ್ಲಿ ಅವನು ಊರೂರು ತಿರುಗುವ ಮನರಂಜನೆಯ ಮಂಡಳಿಯೊಂದನ್ನು ಸೇರಿ ಅದರ ವಾದ್ಯವೃಂದದ ನಾಯಕನಾದನು. 1903ರಲ್ಲಿ ಮಿಸಿಸಿಪಿ ಸಂಸ್ಥಾನದ ಕ್ಲಾರ್ಕ್ಸ್‌ಡೇಲ್ ಪಟ್ಟಣದ ವಾದ್ಯವೃಂದವನ್ನು ವಹಿಸಿಕೊಂಡನು. ಸುತ್ತಲೂ ಹತ್ತಿಯ ಹೊಲಗಳಿಂದ ತುಂಬಿದ ಪ್ರದೇಶವದು. ಒಂದು ರಾತ್ರಿ ಟಟ್‌ವೈಲರ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಹರಕು ಬಟ್ಟೆಯ ಒಬ್ಬ ಬಡವನು ಗಿಟಾರಿನ ತಂತಿಗಳ ಮೇಲೆ ಚಾಕುವನ್ನು ಒತ್ತಿ ಜಾರಿಸುತ್ತ ಹಾಡುತ್ತಿದ್ದುದನ್ನು ಹ್ಯಾಂಡಿಯು ಕೇಳಿದನು. ಅಂತಹ ವಿಚಿತ್ರವಾದ ಸಂಗೀತವನ್ನು ತಾನು ಹಿಂದೆಂದೂ ಕೇಳಿರಲಿಲ್ಲವೆಂದು ಅವನು ಮುಂದೆ ಬರೆದಿದ್ದಾನೆ. ಆ ಹಾಡುಗಾರನ ಹೆಸರು ಅವನಿಗೆ ತಿಳಿಯಲಿಲ್ಲ.

ಮತ್ತೊಮ್ಮೆ ಕ್ಲೀವ್‌ಲ್ಯಾಂಡ್ ಎಂಬ ಪಟ್ಟಣದ ನೃತ್ಯಕೂಟದಲ್ಲಿ ಅವನ ವೃಂದದ ನಡುವೆ ಸ್ಥಳೀಯರಾದ ಮೂವರು ಹಳೆಯ ವಾದ್ಯಗಳನ್ನು ಹಿಡಿದು ಬಂದು ನುಡಿಸಿದರು. ಒಂದೇ ಧಾಟಿ ಮತ್ತೆ ಮತ್ತೆ ಮರಳಿ ಬರುತ್ತಿತ್ತು. ಶಾಸ್ತ್ರ ಬಲ್ಲ ಹ್ಯಾಂಡಿಗೆ ಅದು ಮೊದಲು ಹಿಡಿಸಲಿಲ್ಲ. ಆದರೆ ಜನರು ಆ ಮೂವರ ಕಾಲಬಳಿ ಬೆಳ್ಳಿಯ ನಾಣ್ಯಗಳ ಮಳೆಯನ್ನೇ ಸುರಿಸಿದರು. ಹ್ಯಾಂಡಿಯ ಒಂಬತ್ತು ಮಂದಿ ವಾದಕರಿಗೆ ಇಡೀ ರಾತ್ರಿಗೆ ಗೊತ್ತಾಗಿದ್ದ ಸಂಭಾವನೆಗಿಂತ ಆ ರಾಶಿ ದೊಡ್ಡದಾಗಿತ್ತು. ಜನಸಾಮಾನ್ಯರ ಹಾಡಿನಲ್ಲಿ ಎಂತಹ ಶಕ್ತಿಯಿದೆಯೆಂಬುದು ಅಂದು ಅವನ ಅರಿವಿಗೆ ಬಂದಿತು.

ಈ ಹಾಡುಗಳಿಗೆ ಬ್ಲೂಸ್ ಎಂದು ಹೆಸರು. ಮನಸ್ಸಿನ ಬೇಗುದಿ ಎಂಬುದು ಆ ಪದದ ಭಾವ. ಸಾಮಾನ್ಯವಾಗಿ ಮೊದಲ ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಇದರ ಕಟ್ಟು. ಗಾಂಧಾರ ನಿಷಾದಗಳನ್ನು ತುಸು ತಗ್ಗಿಸಿ ಹಾಡುವುದರಿಂದ ಸಂತೋಷದ ರಾಗದಲ್ಲಿಯೂ ನೋವಿನ ಎಳೆಯೊಂದು ಮಿಡಿಯುತ್ತದೆ. ಹ್ಯಾಂಡಿಯು ಇವನ್ನೆಲ್ಲ ಗಮನಿಸಿ, ವಾದ್ಯವೃಂದಕ್ಕೆ ಒಪ್ಪುವಂತೆ ಸ್ವರಲಿಪಿಯಲ್ಲಿ ಬರೆಯತೊಡಗಿದನು.

1909ರಲ್ಲಿ ಮೆಂಫಿಸ್ ನಗರದ ಚುನಾವಣೆಯೊಂದರ ಪ್ರಚಾರಕ್ಕಾಗಿ ಅವನು ಒಂದು ಕೃತಿಯನ್ನು ರಚಿಸಿದನು. ಅದೇ 1912ರಲ್ಲಿ ‘ಮೆಂಫಿಸ್ ಬ್ಲೂಸ್’ ಎಂಬ ಹೆಸರಿನಿಂದ ಅಚ್ಚಾಯಿತು. ಆ ಕಾಲದಲ್ಲಿ ಗೀತಕಾರನ ಮುಖ್ಯ ಆದಾಯ ಬರುತ್ತಿದ್ದುದು ಅಚ್ಚಾದ ಸ್ವರಲಿಪಿಯ ಹಾಳೆಗಳ ಮಾರಾಟದಿಂದ. ಮನೆಮನೆಗಳಲ್ಲಿ ಪಿಯಾನೊ ನುಡಿಸುವವರು ಅವುಗಳನ್ನು ಕೊಳ್ಳುತ್ತಿದ್ದರು. ತನ್ನ ಹಾಳೆಗಳು ಮಾರಾಟವಾಗದೆ ಉಳಿದಿವೆಯೆಂಬ ಮಾತನ್ನು ನಂಬಿ ಹ್ಯಾಂಡಿಯು ಹಕ್ಕನ್ನೆಲ್ಲ ನೂರು ಡಾಲರನ್ನು ಮೀರದ ಅಲ್ಪ ಮೊತ್ತಕ್ಕೆ ಮಾರಿಬಿಟ್ಟನು. ಹಾಡು ದೇಶವನ್ನೆಲ್ಲ ಸುತ್ತಿತು. ಬೇರೊಬ್ಬರು ಅದಕ್ಕೆ ಹೊಸ ಮಾತುಗಳನ್ನು ಜೋಡಿಸಿದರು. ಲಾಭವೆಲ್ಲ ಕೊಂಡವರ ಪಾಲಾಯಿತು. ತನ್ನ ಹಾಡು ಎಲ್ಲೆಡೆ ಮೊಳಗುತ್ತಿದ್ದರೂ ಅದನ್ನು ತನ್ನದೆನ್ನುವ ಹಕ್ಕು ಅದರ ಕರ್ತೃವಿಗೇ ಇರಲಿಲ್ಲ.

ಈ ಪೆಟ್ಟಿನಿಂದ ಹ್ಯಾಂಡಿಯು ಎದೆಗುಂದಲಿಲ್ಲ. ಪುನಃ ಮೋಸಹೋಗದಿರಲು ಪ್ರಕಾಶಕನಾಗುವುದೊಂದೇ ದಾರಿಯೆಂದು ನಿಶ್ಚಯಿಸಿದನು. ವ್ಯವಹಾರಕುಶಲನಾದ ಹ್ಯಾರಿ ಪೇಸ್ ಎಂಬ ಗೆಳೆಯನೊಡನೆ ಸೇರಿ ಮೆಂಫಿಸ್ಸಿನಲ್ಲಿ ಸ್ವಂತ ಸಂಗೀತ ಪ್ರಕಾಶನ ಸಂಸ್ಥೆಯನ್ನು ಸ್ಥಾಪಿಸಿದನು. 1914ರಲ್ಲಿ, ಬೀಲ್ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯೊಂದರಲ್ಲಿ ಕುಳಿತು, ನದಿಯ ಕಟ್ಟೆಯ ಮೇಲೆ ಮಲಗಿದ್ದ ಹಿಂದಿನ ದಿನಗಳನ್ನು ನೆನೆಯುತ್ತ ‘ಸೇಂಟ್ ಲೂಯಿ ಬ್ಲೂಸ್’ ಎಂಬ ಹಾಡನ್ನು ರಚಿಸಿದನು. ಬ್ಲೂಸಿನ ಧಾಟಿಯೊಡನೆ ಟ್ಯಾಂಗೊ ನೃತ್ಯದ ಲಯವನ್ನೂ ಅದರಲ್ಲಿ ಬೆಸೆದನು. ಈ ಸಲ ಹಕ್ಕು ಅವನಲ್ಲಿಯೇ ಉಳಿಯಿತು. 1918ರಲ್ಲಿ ಸಂಸ್ಥೆಯು ನ್ಯೂಯಾರ್ಕಿಗೆ ಸ್ಥಳಾಂತರಗೊಂಡಿತು. 1925ರಲ್ಲಿ ಬೆಸಿ ಸ್ಮಿತ್ ಎಂಬ ಗಾಯಕಿಯು ಲೂಯಿ ಆರ್ಮ್‌ಸ್ಟ್ರಾಂಗನ ಕಾರ್ನೆಟ್ ವಾದನದೊಡನೆ ಈ ಹಾಡನ್ನು ಧ್ವನಿಮುದ್ರಿಕೆಗೆ ಹಾಡಿದಳು. ಜಾಝ್ ಲೋಕದಲ್ಲಿ ಅದು ಇಂದಿಗೂ ಮೆಚ್ಚುಗೆ ಪಡೆದಿದೆ.

ದಾರಿ ಸುಗಮವಾಗಿಯೇನೂ ಇರಲಿಲ್ಲ. 1921ರಲ್ಲಿ ಪೇಸ್ ಬೇರೆಯಾಗಿ ತನ್ನದೇ ಧ್ವನಿಮುದ್ರಿಕೆಗಳ ಸಂಸ್ಥೆಯನ್ನು ತೆರೆದನು. ಹ್ಯಾಂಡಿಯನ್ನು ಸಾಲವೂ ಕಣ್ಣಿನ ಬೇನೆಯೂ ಒಟ್ಟಿಗೆ ಕಾಡಿದವು. ಆದರೂ ಅವನು ತಮ್ಮನೊಡನೆ ಸೇರಿ ಪ್ರಕಾಶನವನ್ನು ಉಳಿಸಿಕೊಂಡನು. ಅಮೆರಿಕದ ಅಂದಿನ ಕಾನೂನಿನಂತೆ ಗ್ರಂಥಸ್ವಾಮ್ಯದ ಮೊದಲ ಅವಧಿ 28 ವರ್ಷಗಳು. ಅದು ಮುಗಿದಾಗ ಹಕ್ಕನ್ನು ನವೀಕರಿಸುವ ಅವಕಾಶ ಮೂಲಕರ್ತೃವಿಗೆ ದೊರೆಯುತ್ತಿತ್ತು. ಹ್ಯಾಂಡಿಯು ಅಷ್ಟು ಕಾಲವೂ ಕಾದನು. 1940ರಲ್ಲಿ, ತನ್ನ ಅರವತ್ತಾರನೆಯ ವಯಸ್ಸಿನಲ್ಲಿ, ‘ಮೆಂಫಿಸ್ ಬ್ಲೂಸ್’ ಹಾಡನ್ನು ಮರಳಿ ಪಡೆದನು. ಮರುವರ್ಷ ಅವನ ಆತ್ಮಕಥೆ ಪ್ರಕಟವಾಯಿತು. 1943ರಲ್ಲಿ ಸುರಂಗ ರೈಲಿನ ನಿಲ್ದಾಣದಲ್ಲಿ ಬಿದ್ದು ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡನು. 1958ರ ಮಾರ್ಚ್ 28ರಂದು ನ್ಯೂಯಾರ್ಕಿನಲ್ಲಿ ನಿಧನನಾದನು.

ಹ್ಯಾಂಡಿಯನ್ನು ಬ್ಲೂಸಿನ ಜನಕನೆಂದು ಕರೆಯುವುದುಂಟು. ಈ ಬಿರುದನ್ನು ಎಲ್ಲರೂ ಒಪ್ಪಲಿಲ್ಲ. ಬ್ಲೂಸ್ ಅವನಿಗಿಂತ ಮೊದಲೇ ಜನರ ನಾಲಗೆಯ ಮೇಲಿತ್ತು. 1912ರಲ್ಲಿಯೇ ಬೇರೆಯವರ ಬ್ಲೂಸ್ ಹಾಡುಗಳೂ ಅಚ್ಚಾಗಿದ್ದವು. ಅವನು ಕಳೆದುಕೊಂಡ ಹಾಡು ಅವನಿಗೆ ಕಾನೂನಿನ ಮೂಲಕ ಮರಳಿ ದೊರೆಯಿತು. ಆದರೆ ಟಟ್‌ವೈಲರ್ ನಿಲ್ದಾಣದ ಆ ಬಡ ಹಾಡುಗಾರನಿಗೆ ಯಾವ ಕಾನೂನಿನಿಂದಲೂ ಏನೂ ದೊರೆಯಲಿಲ್ಲ. ಹ್ಯಾಂಡಿಯು ಈ ಋಣವನ್ನು ಮರೆಮಾಚಲಿಲ್ಲ. 1926ರಲ್ಲಿ ಬ್ಲೂಸ್ ಹಾಡುಗಳ ಸಂಕಲನವೊಂದನ್ನು ಹೊರತಂದು, ಅವುಗಳ ಬೇರು ಜನಪದದಲ್ಲಿದೆಯೆಂಬುದನ್ನು ತೋರಿಸಿದನು. ತಾನು ಯಾರಿಂದ, ಎಲ್ಲಿ ಕೇಳಿ ಕಲಿತೆನೆಂಬುದನ್ನು ಆತ್ಮಕಥೆಯಲ್ಲಿ ಬರೆದಿಟ್ಟನು. ಹೆಸರಿಲ್ಲದ ಆ ಹಾಡುಗಾರನನ್ನು ಲೋಕವು ಇಂದು ನೆನೆಯುತ್ತಿರುವುದು ಆ ಬರಹದಿಂದಲೇ.