ರಾಯಬಾಗದಿಂದ ಮೆಜೆಸ್ಟಿಕ್‌ಗೆ: ಭಾಷಾ ವಿದ್ಯಾರ್ಥಿಗಳಿಗೆ ಸುರಂಗ ಮೆಟ್ರೊದ ಒಂದು ದಿನ

ಚಿಕ್ಕೋಡಿ, ಅಥಣಿ ಕಡೆಯ ಕಾಲೇಜುಗಳಲ್ಲಿ ಕನ್ನಡ ಓದುತ್ತಿರುವವರು ಬೆಂಗಳೂರಿಗೆ ಹೊರಟರೆ ಒಂದು ದಿನವನ್ನು ಸುರಂಗ ಮೆಟ್ರೊಗೆ ಎತ್ತಿಡಿ. ನಗರದ ಇತಿಹಾಸವೂ ಕನ್ನಡದ ಮುಖ್ಯ ತಾಣಗಳೂ ಒಂದೇ ದಾರಿಯಲ್ಲಿ ಸಿಗುತ್ತವೆ.

ಹೋಗುವುದು ಹೇಗೆ?
ರಾತ್ರಿ ಪ್ರಯಾಣಕ್ಕೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಇದೆ. ಅಥಣಿಯವರು ಕುಡಚಿಯಲ್ಲಿ, ಚಿಕ್ಕೋಡಿಯವರು ರಾಯಬಾಗದಲ್ಲಿ, ಕಾಗವಾಡದವರು ಮಿರಜಿನಲ್ಲಿ, ನಿಪ್ಪಾಣಿಯವರು ಬೆಳಗಾವಿಯಲ್ಲಿ ಹತ್ತಬಹುದು. ಇಳಿಯುವ ನಿಲ್ದಾಣಕ್ಕೆ ನಮ್ಮ ಜಿಲ್ಲೆಯ ಸಂಗೊಳ್ಳಿ ರಾಯಣ್ಣನ ಹೆಸರೇ ಇದೆ. 10ನೇ ಪ್ಲಾಟ್‌ಫಾರ್ಮ್ ಕಡೆಯ ಮೇಲ್ಸೇತುವೆ ದಾಟಿದರೆ ಮೆಟ್ರೊ.

ಸ್ವಲ್ಪ ಇತಿಹಾಸ
2006ರಲ್ಲಿ ಅಡಿಗಲ್ಲು ಬಿದ್ದು, 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿತು. ಆ ಹಳಿ ಎತ್ತರದ ಕಂಬಗಳ ಮೇಲಿತ್ತು. ನೆಲದಡಿಯ ಕೆಲಸ ನಿಧಾನವಾಯಿತು. ಗಟ್ಟಿ ಬಂಡೆ, ಸಡಿಲ ಮಣ್ಣು ಬೆರೆತ ನೆಲ ಕೊರೆಯುವ ಯಂತ್ರಗಳನ್ನು ಸತಾಯಿಸಿತು. ಅವುಗಳಲ್ಲಿ ಒಂದರ ಹೆಸರು ಕೃಷ್ಣಾ, ಕುಡಚಿ–ಉಗಾರದಲ್ಲಿ ಹರಿಯುವ ನಮ್ಮ ಹೊಳೆಯದೇ. 2016ರ ಏಪ್ರಿಲ್ ಕೊನೆಗೆ ನೇರಳೆ ಮಾರ್ಗದ ಸುಮಾರು 4.8 ಕಿ.ಮೀ. ಸುರಂಗ ತೆರೆಯಿತು. ದಕ್ಷಿಣ ಭಾರತಕ್ಕೆ ಅದೇ ಮೊದಲ ಸುರಂಗ ಮೆಟ್ರೊ. ಹಸಿರು ಮಾರ್ಗದ ಸುರಂಗ 2017ರ ಜೂನ್‌ನಲ್ಲಿ ಬಂತು.

ಕಿವಿ, ಕಣ್ಣು ತೆರೆದಿರಲಿ
ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿ ಕೊಟ್ಟವರು ನಿರೂಪಕಿ ಅಪರ್ಣಾ. ಅವರು 2024ರ ಜುಲೈನಲ್ಲಿ ತೀರಿಕೊಂಡರು. ಒಂದಕ್ಷರವೂ ನುಂಗದ ಅವರ ಉಚ್ಚಾರಣೆ ಭಾಷೆ ಕಲಿಯುವವರಿಗೆ ಪಾಠವಿದ್ದಂತೆ. ಫಲಕಗಳನ್ನೂ ಓದಿ: 2017ರಲ್ಲಿ ಕನ್ನಡಿಗರ ಪ್ರತಿಭಟನೆ ಜೋರಾದ ಮೇಲೆ ಅವುಗಳಿಂದ ಹಿಂದಿ ತೆಗೆದರು. ಗಡಿಯಲ್ಲಿ ಬೆಳೆದ ನಿಮಗೆ ಫಲಕದ ಭಾಷೆಯ ಬೆಲೆ ಬೇರೆ ಹೇಳಬೇಕಿಲ್ಲ.

ಇಳಿಯಬೇಕಾದ ಕಡೆ
• *ಸೆಂಟ್ರಲ್ ಕಾಲೇಜು:* ಎ.ಆರ್. ಕೃಷ್ಣಶಾಸ್ತ್ರಿಗಳು ಇಲ್ಲಿಯ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹೊರಡಿಸಿದರು.
• *ಕಬ್ಬನ್ ಪಾರ್ಕ್:* ಮರಗಳ ನಡುವೆ ನಡೆದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ರಾಜ್ಯ ಕೇಂದ್ರ ಗ್ರಂಥಾಲಯ ನೋಡಿ.
• *ಮೆಜೆಸ್ಟಿಕ್:* ಹಿಂದಿರುಗಿ ಇಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ. ಎರಡೂ ಮಾರ್ಗ ನೆಲದಡಿ ಒಂದರ ಮೇಲೊಂದು ಇವೆ. ಬಾಣದ ಗುರುತು ಹಿಡಿದು ಹೋಗಿ.
• *ಕೆ.ಆರ್. ಮಾರುಕಟ್ಟೆ:* ಆಟೊ ಹಿಡಿದು ಚಾಮರಾಜಪೇಟೆಗೆ ಹೋದರೆ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು.
• *ಚಿಕ್ಕಪೇಟೆ:* ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳು. ಚೌಕಾಸಿ ಮಾಡಿ ಕೊಳ್ಳಿ.

ನೆನಪಿರಲಿ
ಪರಿಷತ್ತಿಗೆ ಕೆಲಸದ ದಿನವೇ ಹೋಗಿ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ. ಬೆಳಗ್ಗೆ, ಸಂಜೆ ಕಚೇರಿ ಹೊತ್ತಿನ ನೂಕುನುಗ್ಗಲು ತಪ್ಪಿಸಿ. ಪುಸ್ತಕ ಖರೀದಿ ಕೊನೆಗಿರಲಿ. ಆ ಭಾರ ಹೊತ್ತು ದಿನವಿಡೀ ಅಲೆಯಬೇಕಿಲ್ಲ, ಅಲ್ಲಿಂದ ನೇರ ರಾತ್ರಿ ರೈಲಿಗೇ ಹೋಗಬಹುದು.