ಹಳೆಯ ಫೈಬರ್ ದೋಣಿಗೆ ಮರುಬಣ್ಣ: ವೆಚ್ಚ ಮತ್ತು ಲೆಕ್ಕ

ಫೈಬರ್‌ಗ್ಲಾಸ್ ದೋಣಿಗೆ ಕಬ್ಬಿಣದ ತುಕ್ಕಿನ ಭಯವಿಲ್ಲ, ಮರದ ಹುಳುವಿನ ಕಾಟವಿಲ್ಲ. ಆದರೆ ಅದರ ಹೊರಮೈಯನ್ನು ಕಾಯುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಜೆಲ್‌ಕೋಟ್ ಪದರವು ಬಿಸಿಲಿಗೆ ವರ್ಷದಿಂದ ವರ್ಷಕ್ಕೆ ಕಳೆಗುಂದಿ, ಮುಟ್ಟಿದರೆ ಕೈಗೆ ಬಿಳಿಯ ಪುಡಿ ಅಂಟುವ ಸ್ಥಿತಿಗೆ ಬರುತ್ತದೆ. ಆಗ ಬಣ್ಣ ಬಳಿಸುವುದು ಲಾಭವೋ ನಷ್ಟವೋ ಎಂಬುದು ಬಣ್ಣದ ಬೆಲೆಯಿಂದ ತೀರ್ಮಾನವಾಗದು; ಬಣ್ಣದ ಕೆಳಗಿರುವ ಒಡಲಿನ ಸ್ಥಿತಿಯಿಂದ ತೀರ್ಮಾನವಾಗುತ್ತದೆ.

ಮೊದಲು ಪರೀಕ್ಷೆ

ಒಂದು ಮೂಲೆಯನ್ನು ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ ನೋಡತಕ್ಕದ್ದು. ಹೊಳಪು ಮರಳಿದರೆ ಪಾಲಿಷ್ ಸಾಕು. ಬಳಿಕ ಪ್ಲಾಸ್ಟಿಕ್ ಸುತ್ತಿಗೆಯಿಂದ ಒಡಲನ್ನು ಮೆಲ್ಲನೆ ತಟ್ಟಬೇಕು. ಗಟ್ಟಿ ದನಿಯ ಬದಲು ಮಂದ ದನಿ ಬಂದಲ್ಲಿ ಒಳಪದರಗಳು ಬಿಟ್ಟುಕೊಂಡಿರುವ ಸಂಭವವಿದೆ. ನೀರಿನಲ್ಲಿ ಮುಳುಗುವ ಭಾಗದಲ್ಲಿ ಗುಳ್ಳೆಗಳಿದ್ದು, ಒಡೆದಾಗ ಹುಳಿವಾಸನೆಯ ದ್ರವ ಒಸರಿದರೆ ಒಡಲಿನೊಳಗೆ ನೀರು ಸೇರಿದೆಯೆಂದೇ ಅರ್ಥ. ಅದನ್ನು ಒಣಗಿಸದೆ ಬಳಿದ ಬಣ್ಣ ಮತ್ತೆ ಗುಳ್ಳೆಯೇಳುತ್ತದೆ. ಒಣಗಲು ವಾರಗಳೇ ಏಕೆ, ತಿಂಗಳುಗಳೂ ಬೇಕಾಗಬಹುದು.

ಕೆಲಸದ ಕ್ರಮ

ಹಳೆಯ ಮೇಣವನ್ನು ಸಾಲ್ವೆಂಟ್‌ನಿಂದ ಒರೆಸಿದ ಮೇಲೆಯೇ ಸ್ಯಾಂಡ್ ಪೇಪರ್ ಹಿಡಿಯಬೇಕು. ಇಲ್ಲವಾದರೆ ಉಜ್ಜುವಾಗ ಮೇಣವು ಗೀರುಗಳೊಳಗೆ ಸೇರಿ, ಬಣ್ಣ ಹಿಡಿಯುವುದಿಲ್ಲ. ಬಿರುಕುಗಳಿಗೆ ಎಪಾಕ್ಸಿ ಪುಟ್ಟಿ, ಅದರ ಮೇಲೆ ಎಪಾಕ್ಸಿ ಪ್ರೈಮರ್, ನುಣುಪಾಗಿ ಉಜ್ಜಿದ ನಂತರ ಎರಡು ಭಾಗಗಳ ಪಾಲಿಯುರೆಥೇನ್ ಬಣ್ಣ ಎಂಬುದು ಅನುಕ್ರಮ. ಸದಾ ನೀರಿನಲ್ಲಿರುವ ಭಾಗಕ್ಕೆ ಪಾಚಿ, ಚಿಪ್ಪುಜೀವಿಗಳನ್ನು ತಡೆಯುವ ಪ್ರತ್ಯೇಕ ಬಣ್ಣವೇ ಬೇಕು. ಪಾಲಿಯುರೆಥೇನ್‌ನ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಸ್ಪ್ರೇ ಮಾಡುವವರಿಗೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು ಅಗತ್ಯ. ಸಣ್ಣ ಘಟಕಗಳಿಗೆ ರೋಲರ್ ಮತ್ತು ಬ್ರಷ್ ವಿಧಾನವೇ ಕ್ಷೇಮ.

ಕರಾವಳಿಯ ತೊಡಕು

ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ನಿಷೇಧವಿರುತ್ತದೆ. ದೋಣಿಗಳು ದಡ ಸೇರಿ ದುರಸ್ತಿಗೆ ಬಿಡುವು ಸಿಗುವುದು ಆಗಲೇ. ಆದರೆ ಗಾಳಿಯಲ್ಲಿ ತೇವ ಅತಿಯಾಗಿರುವುದೂ ಆಗಲೇ. ಇಬ್ಬನಿ ಕಟ್ಟುವ ಉಷ್ಣತೆಗಿಂತ ಒಡಲಿನ ಮೈ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕೆಂಬುದು ಬಣ್ಣದ ಸಾಮಾನ್ಯ ನಿಯಮ. ಆದ್ದರಿಂದ ಮುಚ್ಚಿದ ಶೆಡ್ಡಿನ ಬಾಡಿಗೆಯನ್ನು ಅಂದಾಜಿನಲ್ಲಿ ಸೇರಿಸದ ಮಾಲೀಕನು ಅದೇ ಕೆಲಸಕ್ಕೆ ಎರಡು ಬಾರಿ ಹಣ ತೆರಬೇಕಾಗಬಹುದು.

ಅಂದಾಜು

ಉದಾಹರಣೆಗೆ, 9 ಮೀಟರ್ ಉದ್ದದ ದೋಣಿಯ ಒಡಲು ನೀರಿನಿಂದ 1 ಮೀಟರ್ ಮೇಲಿದ್ದರೆ ಎರಡು ಪಾರ್ಶ್ವಗಳು ಸೇರಿ 18, ಹಿಂಬದಿ 2, ಒಟ್ಟು ಸುಮಾರು 20 ಚದರ ಮೀಟರ್. ಲೀಟರಿಗೆ 10 ಚದರ ಮೀಟರ್‌ನಂತೆ ಎರಡು ಲೇಪಕ್ಕೆ 4 ಲೀಟರ್. ಪೋಲು ಸೇರಿ 5 ಲೀಟರ್ ಸಾಕು. ಹೀಗೆ ಬಣ್ಣದ ಪಾಲು ಮೊದಲೇ ತಿಳಿಯುತ್ತದೆ. ಅಂದಾಜು ಮೀರಿಸುವುದು ಉಜ್ಜುವ, ತುಂಬುವ, ಒಣಗಿಸುವ ಕೂಲಿ ಮತ್ತು ದಿನಗಳು.

ಲೆಕ್ಕಪುಸ್ತಕದಲ್ಲಿ

ಇರುವ ಆಸ್ತಿಯನ್ನು ಕಾಪಾಡಿ ನಿರ್ವಹಿಸಲು ಮಾಡಿದ ವೆಚ್ಚವೇ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ಪಡೆಯುವ ವೆಚ್ಚ ಹಾಗಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿತು. ಈ ಒರೆಗಲ್ಲಿನಂತೆ, ವ್ಯವಹಾರಕ್ಕೆ ಬಳಸುವ ದೋಣಿಯ ಮರುಬಣ್ಣ ಸಾಮಾನ್ಯವಾಗಿ ಆ ವರ್ಷದ ರಾಜಸ್ವ ವೆಚ್ಚ. ಅದೇ ಸಂದರ್ಭದಲ್ಲಿ ಒಡಲನ್ನು ಉದ್ದ ಮಾಡಿಸಿದರೆ ಅಥವಾ ಹೊಸ ಕ್ಯಾಬಿನ್ ಕಟ್ಟಿಸಿದರೆ ಅದು ಬಂಡವಾಳ ವೆಚ್ಚವಾಗಿ, ಸವಕಳಿಯ ಮೂಲಕ ಮಾತ್ರ ವಜಾ ಸಿಗುತ್ತದೆ. ಹಳೆಯ ದೋಣಿ ಕೊಂಡು, ಬಳಕೆಗೆ ತರುವ ಮುನ್ನವೇ ಬಣ್ಣ ಬಳಿಸಿದರೆ ಆ ವೆಚ್ಚವೂ ದೋಣಿಯ ಮೂಲಬೆಲೆಗೆ ಸೇರುತ್ತದೆ.

‘ದೋಣಿ ರಿಪೇರಿ’ ಎಂಬ ಒಂದೇ ಸಾಲಿನ ಬಿಲ್ಲು ಈ ಭೇದವನ್ನೆಲ್ಲ ಮರೆಮಾಡುತ್ತದೆ. ಪರೀಕ್ಷೆ, ದುರಸ್ತಿ, ಬಣ್ಣ, ಹೊಸ ಜೋಡಣೆ ಇವುಗಳಿಗೆ ಪ್ರತ್ಯೇಕ ದರಪಟ್ಟಿಯನ್ನೂ ಪ್ರತ್ಯೇಕ ಬಿಲ್ಲನ್ನೂ ಪಡೆಯುವುದು, ಕೆಲಸದ ಮೊದಲು ಮತ್ತು ನಂತರದ ಛಾಯಾಚಿತ್ರಗಳನ್ನು ಕಡತದಲ್ಲಿಡುವುದು ವಿಹಿತ. ಪರೀಕ್ಷೆಯ ವರದಿ ಕೈಸೇರುವ ಮುನ್ನ ಬಣ್ಣಕ್ಕೆ ಮುಂಗಡ ಕೊಡದಿರುವುದು ಇನ್ನೂ ವಿಹಿತ.